ಈ ಸಹಿ ನನ್ನದಲ್ಲ

ಎಮಿಲ್,
ಕಂಪನಿಯವರು ಕೊನೆಗೂ ಕಾಗದ ಕಳಿಸಿದರು.
ನಿಮಗೆ ಏನೂ ಬರುವುದಿಲ್ಲ, ನೀವೇ ಒಪ್ಪಿದ್ದೀರಿ ಅಂದವರೇ.
ಕೇಳಿದರೆ ಕೊಡಲೇಬೇಕಂತೆ, ಮೂವತ್ತು ದಿನದೊಳಗೆ;
ಇಪ್ಪತ್ತೊಂಬತ್ತನೆಯ ದಿನ ಬಂತು.
ದಪ್ಪ ಲಕೋಟೆ. ಪೋಸ್ಟಿನ ಹುಡುಗಿ ಗೇಟಿನಲ್ಲೇ ನಿಂತು
ಸಹಿ ಹಾಕಿ ಅಂದಳು. ಹಾಕಿದೆ.

ಒಳಗೆ ನಿನ್ನ ಮೂವತ್ತೊಂದು ವರ್ಷ:
ಯಾವ ಕುಲುಮೆ, ಯಾವ ಪಾಳಿ,
ಮುಷ್ಕರದ ಆ ಏಳು ವಾರ ಲೆಕ್ಕಕ್ಕಿಲ್ಲ ಎಂಬ ಷರಾ.
ಎಲ್ಲಕ್ಕಿಂತ ಕೆಳಗೆ ಒಂದು ಹಾಳೆ:
‘ನನ್ನ ಗಂಡನ ನಂತರ ನನಗೆ ಬರಬೇಕಾದ ಅರ್ಧ ಪಿಂಚಣಿ
ನನಗೆ ಬೇಡ. ತಿಳಿದು, ಒಪ್ಪಿ ಬರೆದಿದ್ದೇನೆ.’
ಅದರಡಿ ನನ್ನ ಹೆಸರು, ವೆರೋನಾ ಹುಡಾಕ್.
ಪಕ್ಕದಲ್ಲಿ ನೋಟರಿಯ ದುಂಡು ಮುದ್ರೆ,
ಮಾರ್ಚ್ ಒಂಬತ್ತು.

ನಾನು ಹಾಗೆ ಬರೆಯುವುದಿಲ್ಲ, ನಿನಗೆ ಗೊತ್ತು.
ಅರ್ಧ ಹೆಸರು ಮುಗಿಯುವಷ್ಟರಲ್ಲಿ ಸುಸ್ತಾಗಿ
ಕೊನೆಯ ಅಕ್ಷರಗಳು ಒಂದು ಗೆರೆಯಾಗಿ ಮಲಗಿಬಿಡುತ್ತವೆ.
ಇಲ್ಲಿ ಒಂದೊಂದೂ ಎದ್ದು ನಿಂತಿದೆ,
ಪ್ರಾರ್ಥನೆಗೆ ನಿಂತ ಶಾಲೆ ಮಕ್ಕಳ ಹಾಗೆ.
ನನ್ನ ಹೆಸರು ಇಷ್ಟು ಚೆಂದ ಕಂಡದ್ದು ಒಂದೇ ಕಡೆ:
ಸೈನ್ಯದಿಂದ ನೀನು ಬರೆದ ಲಕೋಟೆಗಳ ಮೇಲೆ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ ಅನ್ನುತ್ತಾರೆ.
ಕನ್ನಡಿ ಮಾಡುವವನ ಹೆಂಡತಿ ನಾನು,
ನನಗೆ ಬೇಕಾಯಿತು.
ಹೊಳೆಯ ಕಡೆಯ ಕಿಟಕಿಗೆ ಹಾಳೆ ಒತ್ತಿ ಹಿಡಿದೆ,
ಮೊನಾಂಗಹೀಲಾದ ಮೇಲಿನ ಬೆಳಕು ಹಾಯ್ದು ಬಂತು.
ಕೈ ನಡುಗಿದ ಜಾಗ ಒಂದೇ ಒಂದು:
ನಮ್ಮಿಬ್ಬರ ಅಡ್ಡಹೆಸರು ಶುರುವಾಗುವಲ್ಲಿ.

ಮಾರ್ಚ್ ಒಂಬತ್ತು.
ನಾನು ಪಿಟ್ಸ್‌ಬರ್ಗಿನಲ್ಲಿ, ನಾಲ್ಕನೆಯ ಮಹಡಿಯಲ್ಲಿ,
ಎಡ ಮೊಲೆ ಇಲ್ಲದ ಮೂರನೆಯ ದಿನ.
ಮಣಿಕಟ್ಟಿನ ಪ್ಲಾಸ್ಟಿಕ್ ಪಟ್ಟಿ ಇನ್ನೂ ಗುಂಡಿಗಳ ಡಬ್ಬಿಯಲ್ಲಿದೆ,
ಎತ್ತಿಟ್ಟವನು ನೀನೇ.
ಆ ಮಧ್ಯಾಹ್ನ ನೀನು ಬರಲಿಲ್ಲ.
ಸಂಜೆ ಬಂದೆ, ಕಿತ್ತಳೆ ತಂದಿದ್ದೆ,
ಸುಲಿದು ಸುಲಿದು ಎಲ್ಲವನ್ನೂ ನೀನೇ ತಿಂದೆ.

ಮೊದಲು ಯಾರು ಹೋಗುವವರೆಂದು ಲೆಕ್ಕ ಹಾಕಿದ್ದೆ, ಅಲ್ಲವೆ?
ಹೆಂಡತಿಗೆಂದು ಉಳಿಸದಿದ್ದರೆ
ತಿಂಗಳಿಗೆ ಇನ್ನೂರ ಹನ್ನೆರಡು ಡಾಲರ್ ಹೆಚ್ಚು.
ಆ ಇನ್ನೂರ ಹನ್ನೆರಡನ್ನು ನಾನು ನುಂಗಿದ್ದೇನೆ,
ಬಿಳಿ ಗುಳಿಗೆ, ಬೆಳಗ್ಗೆಗೊಂದು, ಐದು ವರ್ಷ.
ನಾನು ಸಾಯುತ್ತೇನೆಂದು ಪಣ ಕಟ್ಟಿ
ಆ ದುಡ್ಡಲ್ಲೇ ನನ್ನನ್ನು ಉಳಿಸಿಕೊಂಡೆ.
ಬೈಯೋಣವೆಂದರೆ
ಇದಕ್ಕೆ ತಕ್ಕ ಬೈಗುಳ ಅಮ್ಮ ಕಲಿಸಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ, ಗುರುವಾರ ಗುರುವಾರ,
ಫೀಸು ಕೇಳದ ವಕೀಲೆಯೊಬ್ಬಳು ಕೂರುತ್ತಾಳೆ, ಥ್ಯಾಲಿಯಾ.
ಮೊಮ್ಮಗಳ ವಯಸ್ಸು, ತುಂಡು ಕೂದಲು.
‘ಕಾನೂನು ನಿಮ್ಮ ಕಡೆ ಇದೆ,’ ಅಂದಳು,
‘ಸಾಕ್ಷಿಯ ಎದುರು ಕೂತು ಹೆಂಡತಿ ತಾನೇ ಬರೆಯದೆ
ಅವಳ ಪಾಲನ್ನು ಗಂಡ ಬಿಟ್ಟುಕೊಡುವಂತಿಲ್ಲ.
ಮೇಲ್ಮನವಿಗೆ ಅರವತ್ತು ದಿನ. ನಲವತ್ತೇಳು ಆಗಲೇ ಹೋಗಿವೆ.’
‘ಹಾಕಿದ್ದು ಯಾರು ಅಂತ ಬರೆಯಬೇಕೆ?’
ಪೆನ್ನಿನ ಮುಚ್ಚಳ ಕಚ್ಚಿಕೊಂಡು ಯೋಚಿಸಿದಳು.
‘ಈ ಸಹಿ ನನ್ನದಲ್ಲ. ಅಷ್ಟು ಸಾಕು.’

ಅಷ್ಟು ಸಾಕಂತೆ.
ಆದರೆ ಈ ಊರಲ್ಲಿ ನನ್ನ ಸಹಿ ನನ್ನದಲ್ಲ ಅಂದರೆ
ಯಾರದೆಂದು ಯಾರೂ ಕೇಳಬೇಕಾಗಿಲ್ಲ.
ಮುದ್ರೆ ಒತ್ತಿದ ಡುಶಾನ್ ಬದುಕಿದ್ದಾನೆ,
ನಿನ್ನ ಪೆಟ್ಟಿಗೆಗೆ ಹೆಗಲು ಕೊಟ್ಟವನು.
ಅಂಗಡಿಯಲ್ಲಿ ನನ್ನನ್ನು ಕಂಡರೆ
ಬಟಾಣಿ ಡಬ್ಬಿಯ ಬೆಲೆ ಓದತೊಡಗುತ್ತಾನೆ.

ಇವತ್ತು ಪ್ರಮಾಣಪತ್ರಕ್ಕೆ ಸಹಿ ಮಾಡಿದೆ, ಎಮಿಲ್.
ಬೇರೆ ಊರಿನ ನೋಟರಿ, ಗುರುತಿನ ಚೀಟಿ ಕೇಳಿದಳು.
ಅವಸರ ಮಾಡಲಿಲ್ಲ.
ಒಂದೊಂದೇ ಅಕ್ಷರ ಬಿಡಿಸಿ, ನಿಲ್ಲಿಸಿ ಬರೆದೆ.
ಅಡ್ಡಹೆಸರಿನ ಹತ್ತಿರ ಕೈ ನಡುಗಿತು.
ಅವಳು ಚೀಟಿ ನೋಡಿದಳು, ಹಾಳೆ ನೋಡಿದಳು,
‘ಇದು ನಿಮ್ಮ ಸಹಿಯ ಹಾಗಿಲ್ಲವಲ್ಲ,’ ಅಂದಳು.

ಇನ್ನೊಂದು ಹಾಳೆ ಕೊಡಿ ಅಂದೆ.