ದೃಷ್ಟಿ ತೆಗೆಯುವುದು

ಉಪ್ಪಳ್ಳಿಯ ಜೈಬುನ್ನಿಸಾಳಿಗೆ ಪೊರೆ ಬಂದಿತ್ತು.
ಮೇಜಿನ ಮೇಲೆ ಸುರಿದ ಕಾಫಿ ಬೀಜದಲ್ಲಿ
ಕಪ್ಪು ಯಾವುದು, ಕಂದು ಯಾವುದು, ಒಡಕು ಯಾವುದು,
ಬೆರಳಿಂದಲೇ ಓದುತ್ತಿದ್ದಳು.
ಪಕ್ಕದಲ್ಲಿ ಕೂತ ನಾನು
ಅವಳು ಬಿಟ್ಟದ್ದನ್ನು ನನ್ನ ಮೊರಕ್ಕೆ ಎಳೆದುಕೊಳ್ಳುತ್ತಿದ್ದೆ.
ಹನ್ನೊಂದು ವರ್ಷದ ಸ್ನೇಹಕ್ಕೆ ಅಷ್ಟು ಕಳ್ಳತನ ಬೇಕು.

ಆಮೇಲೆ ಕ್ಯೂರಿಂಗ್ ವರ್ಕ್ಸ್‌ನವರೇ ದುಡ್ಡು ಕೊಟ್ಟು
ಹೊಸ ಮಸೂರ ಹಾಕಿಸಿದರು.
ಬರೀ ಕಾಣಿಸುವ ಮಸೂರವಲ್ಲ.
ಒಳಗೇ ಹುಳಿತು ನಾರುವ ಬೀಜ ಇದೆಯಲ್ಲ,
ಮೇಲ್ನೋಟಕ್ಕೆ ಮದುವಣಗಿತ್ತಿಯ ಹಾಗಿದ್ದು
ಒಂದೇ ಒಂದು ಬಿದ್ದರೂ ಹಂಡೆ ಕಾಫಿ ಕೆಡಿಸುವುದು,
ಅದು ಅವಳಿಗೆ ಮಿಣುಕುಹುಳದ ಹಾಗೆ ಹೊಳೆಯುತ್ತದಂತೆ.
ದಿನಕ್ಕೆ ಎರಡು ಮೂಟೆ ಮುಗಿಸಲು ಏದುತ್ತಿದ್ದವಳು
ಐದು ಮುಗಿಸಿದಳು.

ಸಂತೋಷವಾಯಿತು. ಸುಳ್ಳು ಯಾಕೆ ಹೇಳಲಿ,
ಹೊಟ್ಟೆಯೂ ಉರಿಯಿತು.

ಈಗ ನಮ್ಮ ಸರದಿ.
ಮೇಸ್ತ್ರಿ ಆಲ್ಫ್ರೆಡ್ ಒಬ್ಬೊಬ್ಬರಿಗೆ ಒಂದೊಂದು ಹಾಳೆ ಹಂಚಿದ.
"ಯಾರಿಗೂ ಬಲವಂತ ಇಲ್ಲ. ಸ್ವಂತ ಇಷ್ಟ.
ಆದ್ರೆ ಮುಂದಿನ ತಿಂಗಳಿಂದ ಐದು ಮೂಟೆಗೇ ಕೂಲಿ ಲೆಕ್ಕ."
ಮಸೂರದ ಸಾಲ ಮೂವತ್ತಾರು ಕಂತು.
ನನ್ನ ಕಣ್ಣಿಗೇನೂ ಆಗಿಲ್ಲವಲ್ಲ, ಅಂದೆ.
"ಆಗಬೇಕಾಗಿಲ್ಲ ದೇವೀರಮ್ಮ," ಅಂದ, ಮೆತ್ತಗೆ,
"ಚೆನ್ನಾಗಿರೋದನ್ನ ಇನ್ನೂ ಚೆನ್ನಾಗಿ ಮಾಡೋದು ಅಷ್ಟೆ."
ರೋಸಲಿನ್ ಅಲ್ಲೇ ಸಹಿ ಹಾಕಿದಳು. ಮಗನ ಫೀಸು ಬಾಕಿಯಿದೆ.

ದೇಹ ದೇವರು ಕೊಟ್ಟದ್ದು, ಮುಟ್ಟಬಾರದು
ಎಂದು ವಾದ ಹೂಡುವ ಬಾಯಿ ನನ್ನದಲ್ಲ.
ಕಿವಿ ಚುಚ್ಚಿದವರು ನನ್ನನ್ನು ಕೇಳಲಿಲ್ಲ.
ತೋಳಿನ ಮೇಲೆ ಸೂಜಿ ಬಿಟ್ಟ ಗುಳಿಯಿದೆ, ಅದಕ್ಕೇ ಬದುಕಿದ್ದೇನೆ.
ಇಪ್ಪತ್ತಮೂರಕ್ಕೆ, ಸಖರಾಯಪಟ್ಟಣದ ಶಾಲೆಯಲ್ಲಿ
ಬೆಂಚು ಜೋಡಿಸಿ, ಸಾಲಾಗಿ ಮಲಗಿಸಿ
ಮಕ್ಕಳಾಗದ ಆಪರೇಷನ್ ಮಾಡಿದರು.
ಎದ್ದಾಗ ಕೈಗೊಂದು ಸ್ಟೀಲ್ ಬಿಂದಿಗೆ.
ಈಗಲೂ ಅದರಲ್ಲೇ ನೀರು ಹಿಡಿಯುತ್ತೇನೆ.

ನನ್ನ ಪ್ರಶ್ನೆ ಸಣ್ಣದು.
ಐದೂವರೆಗೆ ಸೈರನ್ ಕೂಗಿದ ಮೇಲೆ ಈ ಕಣ್ಣು ಯಾರದು?
ಏಪ್ರನ್ನು ಗೂಟಕ್ಕೆ ಸಿಕ್ಕಿಸಿ ಬರುತ್ತೇನೆ,
ಇದನ್ನೆಲ್ಲಿ ಸಿಕ್ಕಿಸಲಿ?
ಕೆಲಸ ಬಿಟ್ಟ ದಿನ, ಗೇಟಿನಲ್ಲಿ ಚೀಲ ತಡಕುವ ವಾಚ್‌ಮನ್
ರೆಪ್ಪೆಯನ್ನೂ ಎತ್ತಿ ನೋಡುವನೆ?

ಟೀ ಹೊತ್ತಿನಲ್ಲಿ ಜೈಬೂಳನ್ನು ಕೇಳಿದೆ,
ಹೇಗಿದೆಯೇ, ಎಂದು.
"ಬೀಜ ಚೆನ್ನಾಗಿ ಕಾಣ್ತದೆ."
ಸ್ವಲ್ಪ ಹೊತ್ತು ಬಿಟ್ಟು:
"ಬಿಸಿಲು ಕುಡಿದ ಮುಖದಲ್ಲಿ ಒಳಗಿನ ಕಲೆಯೆಲ್ಲ ಕಾಣ್ತದೆ ಕಣೇ.
ನನ್ನ ಮೊಮ್ಮಗಳ ಕೆನ್ನೇಲೂ. ಒಂಬತ್ತು ವರ್ಷ ಅದಕ್ಕೆ.
ಕೈ ತಾನಾಗೇ ಹೋಗ್ತದೆ, ಆರಿಸಿ ತೆಗೆಯೋಕೆ."
ಹೇಳುವಾಗ ಅವಳು ನನ್ನ ಮುಖ ನೋಡಲಿಲ್ಲ,
ಲೋಟ ನೋಡುತ್ತಿದ್ದಳು.
ನಾನು ಸೆರಗಿನಿಂದ ಕೆನ್ನೆ ಒರೆಸಿಕೊಂಡೆ, ಯಾಕೋ.

ಆದರೂ ಆ ಮಸೂರ ಇರದಿದ್ದರೆ
ಯುಗಾದಿಗೆ ಮುಂಚೆಯೇ ಅವಳ ಲೆಕ್ಕ ಚುಕ್ತಾ ಆಗುತ್ತಿತ್ತು.
ಇದನ್ನೂ ಬರೆಯದೆ ಬಿಟ್ಟರೆ ನಾನು ಆರಿಸಿ ಬರೆದಂತಾಗುತ್ತದೆ.

ನಮ್ಮತ್ತೆ ಇದ್ದಾಗ ದೃಷ್ಟಿ ತೆಗೆಯುವುದೆಂದರೆ
ಹಿಡಿ ಉಪ್ಪು, ಏಳು ಮೆಣಸಿನಕಾಯಿ.
ಮೂರು ಸಲ ನಿವಾಳಿಸಿ ಒಲೆಗೆ ಹಾಕಿದರೆ ಚಟಪಟ,
ಯಾರ ಕಣ್ಣೋ ಸುಟ್ಟುಹೋಯಿತು,
ನನ್ನದು ನನಗೆ ಉಳಿಯಿತು.
ಈಗ ತೆಗೆಯುವವರಿಗೆ
ಮೂರು ಕಡೆ ಸಹಿ ಬೇಕು.

ಮೊನ್ನೆ ಬೆಟ್ಟದ ಮೇಲೆ ನನ್ನ ಹೆಸರಿನ ದೇವಿಗೆ ದೀಪ ಹಚ್ಚಿದರು.
ಶಂಕರಪುರದ ತಾರಸಿಯಿಂದ ಅದು ಎಳ್ಳಿನಷ್ಟು:
ದೀಪವೋ, ಚುಕ್ಕಿಯೋ, ಟವರಿನ ಲೈಟೋ.
ಕಂಡಿತು ಕಂಡಿತು ಎಂದು ಮಕ್ಕಳು ಕುಣಿದವು.
ನಾನೂ ಕೈ ಮುಗಿದೆ;
ಕಂಡೇಬಿಟ್ಟೆನೆಂದು ಆಣೆ ಮಾಡಲಾರೆ.

ಹಾಳೆ ಇನ್ನೂ ಅಡುಗೆಮನೆಯಲ್ಲೇ ಇದೆ.
ಹಾರದಿರಲೆಂದು ಬಿಂದಿಗೆ ಇಟ್ಟಿದ್ದೆ.
ಬೆಳಿಗ್ಗೆ ಎತ್ತಿದರೆ, ಹೆಸರು ಬರೆಯುವ ಜಾಗದ ಮೇಲೆ
ಒಂದು ಒದ್ದೆ ಬಳೆ.