ಗೋಂಕರು ಕಲ್ಲು

ನಗರ್ತಪೇಟೆಯ ಅಪ್ಪನ ಅಂಗಡಿ
ಎರಡು ಮನೆಗಳ ನಡುವೆ ತಗಡು ಹೊದಿಸಿದ ಸಂದಿ.
ಊದುಕೊಳವೆ, ಅರಗಿನ ಕಡ್ಡಿ,
ಗಾಜಿನ ಪೆಟ್ಟಿಗೆಯೊಳಗೆ ಉಸಿರು ಬಿಗಿಹಿಡಿದ ತಕ್ಕಡಿ.
ನನಗೆ ಒಂಬತ್ತು. ರಸೀದಿ ಬರೆಯುವುದು ನನ್ನ ಕೆಲಸ,
ಅಕ್ಷರ ದುಂಡಗಿವೆ ಎಂಬ ಒಂದೇ ಕಾರಣಕ್ಕೆ.

ಕುಕ್ ಟೌನಿನಿಂದ ಬಂದರು ಮ್ಯೂರಿಯಲ್ ಡಿಕ್ರೂಜ್.
ಹೂವಿನ ಗೌನು, ಗಂಡಸರ ಕೊಡೆ,
ಬತ್ತಿದ ಬೆರಳಿಂದ ಜಾರುವ ಬೆಳ್ಳಿಯುಂಗುರ.
ಅದರ ನಡುವೆ ಒಂದು ಕಂದು ಗುಂಡಿ.
ಹುಣಸೆಬೀಜ ಅದಕ್ಕಿಂತ ಮಿನುಗುತ್ತೆ.

‘ಕಲ್ಲು ಯಾವುದಮ್ಮ?’
‘ಟೋಡ್‌ಸ್ಟೋನ್. ಅಜ್ಜಿಯದು. ಕಪ್ಪೆ ತಲೆಯಲ್ಲಿ ಸಿಗುತ್ತೆ.
ಊಟದಲ್ಲಿ ವಿಷ ಇದ್ದರೆ ಬೆರಳು ಸುಡುತ್ತೆ.’
ಅಪ್ಪ ನನ್ನ ಕಡೆ ನೋಡಿದ.
ಹೆಸರಿಲ್ಲದ ಕಲ್ಲಿಗೆ ರಸೀದಿ ಇಲ್ಲ.

ಕಪ್ಪೆಮಣಿ ಅಂತ ಬರೀಲಾ?
‘ಮಣಿ ಅಂದರೆ ಹಾವು ಜಗಳಕ್ಕೆ ಬರುತ್ತೆ.’
ಎದುರು ಜಗುಲಿಯಿಂದ ಪಂಚಾಂಗದ ಶೇಷಗಿರಿಯಪ್ಪ: ಮಂಡೂಕರತ್ನ ಅನ್ನಿ.
‘ರತ್ನ ಅಂದರೆ ತೆರಿಗೆಯವರು ಬರ್ತಾರೆ.’
ಸಾಣೆ ಹಿಡಿಯುವ ಖುದ್ದೂಸ್ ಸಾಬರು ಚಕ್ರ ನಿಲ್ಲಿಸದೆಯೇ ಅಂದರು:
‘ಹಾವಿಗೆ ಮಣಿ ಎಲ್ಲಿಂದ ಬಂತು, ಹೇಳಿ.
ನುಂಗಿದ್ದರ ಒಳಗೆ ಸಿಕ್ಕಿದ್ದು.
ಹೆಸರು ಮಾತ್ರ ನುಂಗಿದವನಿಗೆ.’

ಮಿಸ್ಸಮ್ಮನ ಹತ್ತಿರ ಕಥೆ ಇನ್ನೂ ಇತ್ತು.
ಅವರ ತಾತ ರೈಲ್ವೆ ಗಾರ್ಡು. ಈ ಕಲ್ಲಿಗೊಂದು ಜೋಡಿ ಬೇಕೆಂದು
ಸಂಪಂಗಿ ಕೆರೆ ದಂಡೆಯಲ್ಲಿ ತನ್ನ ಕೆಂಪು ಬಾವುಟ ಹಾಸಿ
ಮೇಲೆ ಗೋಂಕರುಕಪ್ಪೆಯೊಂದನ್ನು ಕೂರಿಸಿ
ಲಾಂದ್ರ ಹಿಡಿದು ಇಡೀ ರಾತ್ರಿ ಕಾದನಂತೆ.
ಕೆಂಪು ಕಂಡರೆ ಹಿಗ್ಗಿ ಕಲ್ಲು ಉಗುಳುತ್ತೆ,
ಹಾಗಂತ ಅವರ ಕಡೆ ಮಾತು.
ಅದು ಗಂಟಲು ಉಬ್ಬಿಸಿತು. ಇಳಿಸಿತು.
ದೀಪಕ್ಕೆ ಬಂದ ಹುಳವೊಂದನ್ನು ತಿಂದಿತು.
ಬೆಳಗಿನ ಜಾವ ಬಾವುಟದ ಮೇಲೆ ಉಚ್ಚೆ ಹೊಯ್ದು
ಕೆರೆಗೆ ಹೋಯಿತು, ಕುಪ್ಪಳಿಸಲೂ ಇಲ್ಲ, ನಡೆದೇ ಹೋಯಿತು.
ಆಮೇಲೆ ಎಷ್ಟೋ ವರ್ಷ
ಅದೇ ಬಾವುಟಕ್ಕೆ ರೈಲುಗಳು ನಿಂತವು.

ಅಪ್ಪ ಕಲ್ಲು ಬಿಡಿಸಿ, ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿ
ತುಂಬಾ ಹೊತ್ತು ನೋಡಿದ.
ನನಗೊಬ್ಬಳಿಗೇ ಕೇಳುವ ಹಾಗೆ:
‘ಹಲ್ಲು ಕಣೇ. ಯಾವುದೋ ಮೀನಿಂದು.
ಕಲ್ಲಾಗೋವಷ್ಟು ಹಳೇದು.’
ಹೇಳಪ್ಪ ಅವರಿಗೆ, ಎಂದೆ.
‘ಕಪ್ಪೆಚಿಪ್ಪು ಅಂತೀವಿ. ಅದರೊಳಗೆ ಕಪ್ಪೆ ಇದ್ಯಾ?
ಆದರೂ ಮುತ್ತು ಸಿಗಲ್ವಾ?’

ತಕ್ಕಡಿಗಿಟ್ಟ.
ಕಪ್ಪೆ ತೂಗೋ ಕೆಲಸ ಅಂತ ಜನ ಬೈತಾರಲ್ಲ,
ಒಂದು ಕೂರಿಸಿದರೆ ಒಂದು ನೆಗೆಯುತ್ತೆ ಅಂತ.
ಇದು ಕೂತಿತು.
ಏಳು ಗುಲಗಂಜಿ. ಮುಳ್ಳು ನೆಟ್ಟಗೆ.

ನಾನು ಬರೆದೆ: ಗೋಂಕರು ಕಲ್ಲು, ಒಂದು. ಕೂಲಿ ಎರಡು ರೂಪಾಯಿ.
ಮಿಸ್ಸಮ್ಮ ಓದಿಸಿಕೊಂಡರು. ‘ಗೋ?’
ಗೋಂಕರು.
ಬಿಗಿಯಾದ ಉಂಗುರ ತಿರುಗಿಸಿಕೊಳ್ಳುತ್ತ
ಕಪ್ಪೆಯದೇ ದನಿ ತೆಗೆದು, ಗೋಂಕರು, ಗೋಂಕರು,
ಅವೆನ್ಯೂ ರಸ್ತೆ ತಿರುವಿನ ತನಕ ಕೇಳುತ್ತಿತ್ತು.

ಆ ಕೆರೆ ಈಗ ಕ್ರೀಡಾಂಗಣ.
ಮೊನ್ನೆ ಮೊಮ್ಮಗಳನ್ನು ಓಟದ ಅಭ್ಯಾಸಕ್ಕೆ ಕರೆದೊಯ್ದಿದ್ದೆ.
ಮಳೆ ನಿಂತು ದೀಪ ಹತ್ತಿದ ಹೊತ್ತು.
ಮೂರನೇ ಪಟ್ಟಿಯಲ್ಲಿ, ಒದ್ದೆ ಕೆಂಪು ನೆಲದ ಮೇಲೆ,
ಯಾರೋ ಹಾಸಿಕೊಟ್ಟ ಹಾಗೆ ಕೂತಿತ್ತು.
ಹುಡುಗಿಯರು ಕಿರುಚಿ ಪಕ್ಕಕ್ಕೆ ಓಡಿದರು.
ಅದು ಗಂಟಲು ಉಬ್ಬಿಸಿತು.
ಇಳಿಸಿತು.
ಹಲ್ಲು ಎಂದು ಗೊತ್ತಿದ್ದೂ
ನಾನು ಕೊಡೆ ಮಡಚಿ
ಸ್ವಲ್ಪ ಹೊತ್ತು ಕಾದೆ.