ಕಾಲು ತೊಳೆದು ಬಾ

ಹೊಳೆಗಿಳಿಯುವ ಮುಂಚೆ ಕಾಲು ತೊಳೆಯಬೇಕಂತೆ.
ತೊಳೆದು, ಉಜ್ಜಿ, ಎರಡು ದಿನ ಬಿಸಿಲಿಗಿಟ್ಟು –
ಯಾರ್ಕ್‌ಶೈರಿನಲ್ಲಿ ಬಿಸಿಲು! ಎಂದು ನಾನು ನಕ್ಕರೆ
ಎನಿಡ್ ಮೆಟ್ಕಾಫ್ ನಗಲಿಲ್ಲ.
ಹೊಲಿಗೆಯಲ್ಲಿ ಒಂದು ಹನಿ ಉಳಿದರೂ ಸಾಕು,
ಎಂದರು, ಬ್ರಶ್ಶನ್ನು ನನ್ನ ಕೈಗಿಟ್ಟು.

ಮೂವತ್ತೊಂದು ವರ್ಷ ಬಸ್ಸು ಓಡಿಸಿದ ಕೈ,
ಸ್ಕಿಪ್ಟನ್ನಿಂದ ಗ್ರಾಸಿಂಗ್ಟನ್, ಗ್ರಾಸಿಂಗ್ಟನ್ನಿಂದ ಸ್ಕಿಪ್ಟನ್.
ಈಗ ಜೂನಿನ ರಾತ್ರಿಗಳಲ್ಲಿ ಮಂಡಿಯುದ್ದ ನೀರಲ್ಲಿ
ಕಲ್ಲೆತ್ತಿ ನೋಡುತ್ತದೆ
ಮಲಗಿದ ಕೂಸಿನ ಹೊದಿಕೆ ಎತ್ತಿದ ಹಾಗೆ.
ನಾನು ಟಾರ್ಚು ಹಿಡಿಯುವವಳು, ಎಣಿಸುವವಳು.
ಔಷಧಿ ಅಂಗಡಿಯ ಅಭ್ಯಾಸ, ಐದೈದರಂತೆ.

ಕೆಳಗೆ ವಾರ್ಫ್ ನದಿಯಲ್ಲಿ ಎಣಿಕೆ ಸಲೀಸು.
ಕಲ್ಲಿಗೆ ನಾಲ್ಕು, ಬುಟ್ಟಿಗೆ ಎಂಬತ್ತು.
ಅತ್ತ ಏಡಿಯಲ್ಲ, ಇತ್ತ ಸಿಗಡಿಯಲ್ಲ;
ಫೋನಿನಲ್ಲಿ ಅಮ್ಮನಿಗೆ ಹೇಳಲು ಹೆಸರೇ ಸಿಗದೆ
ಏಡಿಯ ಇಕ್ಕಳ ಕಡ ತಂದ ಸಿಗಡಿ ಎಂದೆ.
ಸಾರಿಗೆ ಆಗುತ್ತಾ? ಅಂದಳು.
ಆಗುತ್ತೆ. ಅದಕ್ಕೆಂದೇ ತಂದದ್ದು,
ಸಮುದ್ರದಾಚೆಯಿಂದ, ಹೋಟೆಲಿನ ತಟ್ಟೆಗೆಂದು.
ಕೊಳಕ್ಕೆ ಬಿಟ್ಟರು. ಕೊಳಕ್ಕೆ ದಡವಿದೆ ಅಂದುಕೊಂಡರು.
ಅದಕ್ಕೆ ಕಾಲಿತ್ತು.
ಹತ್ತು.

ಇಕ್ಕಳದ ಕೀಲಿನಲ್ಲಿ ಬಿಳಿ ಮಚ್ಚೆ,
ರೈಲಿನ ಗಾರ್ಡು ಬೀಸಿದ ಬಾವುಟ.
ದಂಡೆಯೊಳಗೆ ಬಿಲ, ಬಿಲದೊಳಗೆ ಬಿಲ;
ಹೋದ ಚಳಿಗಾಲ ದಂಡೆಯೇ ಕುಸಿದು
ಕುರಿಬೇಲಿಯ ಎರಡು ಕಂಬ
ತಂತಿಗೆ ಜೋತು ಗಾಳಿಯಲ್ಲಿ ತೂಗುತ್ತಿವೆ.
ಕರಗಿದ ಮಣ್ಣು ಟ್ರೌಟಿನ ಮೊಟ್ಟೆಗಳ ಮೇಲೆ ಕೂತಿದೆ.
ಕಲ್ಲಡಿಯಲ್ಲಿ ಮೊಟ್ಟೆ ಕಾಯುತ್ತಿದ್ದ ದಪ್ಪತಲೆಯ ಪುಟ್ಟ ಮೀನು,
ಅದು ತಂದೆ, ತಾಯಿಯಲ್ಲ,
ಮನೆ ಬಿಟ್ಟುಕೊಟ್ಟು ಎತ್ತ ಹೋಯಿತೋ.
ಮರಳಿನ ಕಣ ಅಂಟಿಸಿ ಅಂಗಿ ತೊಡುತ್ತಿದ್ದ ಹುಳವೂ ಇಲ್ಲ,
ಬಸವನಹುಳುವೂ ಇಲ್ಲ.
ನಾನು ಹುಡುಗಿಯಾಗಿದ್ದಾಗ ಕಲ್ಲೆತ್ತಿದರೆ ಒಂದು ಊರೇ ಇರುತ್ತಿತ್ತು,
ಎಂದರು ಎನಿಡ್. ಈಗ ಕಲ್ಲೆತ್ತಿದರೆ ಇವೇ.

ಇವು ಇಲ್ಲಿಯವಲ್ಲ –
ಅಂದವರು ತಟ್ಟನೆ ನನ್ನತ್ತ ತಿರುಗಿ ಕೆಂಪಾದರು.
ನಾನು ಏನೂ ಅನ್ನಲಿಲ್ಲ.
ನನ್ನ ನುಡಿಯಲ್ಲಿ ಪರದೇಶಿ ಅಂದರೆ ಹೊರಗಿನವ,
ತನ್ನವರೆಂಬವರು ಇಲ್ಲದವನೂ ಹೌದು;
ಅದನ್ನೆಲ್ಲ ಇಂಗ್ಲಿಷಿಗೆ ದಾಟಿಸುವಷ್ಟು
ಬೆಚ್ಚಗಿರಲಿಲ್ಲ ನೀರು.
ಬುಟ್ಟಿಯಲ್ಲಿ ಒಬ್ಬಳು ಬಾಲ ಮಡಚಿ
ಇನ್ನೂರು ಮೊಟ್ಟೆ ಅವುಚಿಕೊಂಡಿದ್ದಳು.
ಹಿಡಿದ ಮೇಲೆ ಮರಳಿ ಬಿಡುವಂತಿಲ್ಲ, ಕಾನೂನು.
ಎನಿಡರ ಫ್ರೀಜರಿನಲ್ಲಿ ಬಟಾಣಿಯ ಪಕ್ಕ ಜಾಗವಾಯಿತು.

ಮೇಲೆ, ಅಬ್ಬಿಯಾಚೆ, ಒಂದೇ ದಾಪಿಗೆ ದಾಟಬಹುದಾದ ತೊರೆ.
ಅಲ್ಲಿ ಇನ್ನೂ ಹಳಬರಿದ್ದಾರೆ.
ಇಡೀ ರಾತ್ರಿಗೆ ಏಳು,
ಐದೈದರ ಲೆಕ್ಕಕ್ಕೆ ಸಿಗದ ಏಳು.
ಮುಟ್ಟುವ ಪರವಾನಗಿ ಎನಿಡರಿಗೆ ಮಾತ್ರ.
ಅವರ ಅಂಗೈಯಲ್ಲಿ ಒಂದು ಮಗುಚಿ ಮಲಗಿತು:
ಇಕ್ಕಳದಡಿ ಹಸಿ ಕೊಬ್ಬರಿಯ ಬಿಳುಪು.
ಬಂದವರು ಹೊತ್ತು ತಿರುಗುವ ರೋಗ
ಬಂದವರನ್ನು ಕೊಲ್ಲುವುದಿಲ್ಲ, ಇವರನ್ನು ಉಳಿಸುವುದಿಲ್ಲ.
ಕಣ್ಣಿಗೆ ಕಾಣದು. ಒದ್ದೆಯಿದ್ದರೆ ಬದುಕುತ್ತದೆ.

ಮೂರು ವಾರದ ಮೇಲೆ ಎನಿಡ್ ಕರೆ ಮಾಡಿದರು.
ಮಟಮಟ ಮಧ್ಯಾಹ್ನ ಒಂದು ಹೊರಗೆ ಬಂದಿತ್ತಂತೆ,
ಮರಗಾಲು ಕಟ್ಟಿದಂತೆ ನಡೆಯುತ್ತ,
ಬೆಳಕಿಗೆ ಹೆದರದೆ.
ಆಮೇಲೆ ಇಬ್ಬರೂ ಸುಮ್ಮನಿದ್ದೆವು.
ಯಾರನ್ನೂ ಅವರು ಕೇಳಲಿಲ್ಲ.

ಆ ಮಂಗಳವಾರ ಅಂಗಡಿ ಮುಚ್ಚುವಾಗ ತಡವಾಗಿತ್ತು.
ಕಾರಿನ ಹಿಂದಿನಿಂದ ಬೂಟು ತೆಗೆದು ಕೈಹಾಕಿ ನೋಡಿದ್ದೆ.
ಎಡದ್ದರ ನಾಲಿಗೆಯಡಿ ತಣ್ಣಗಿತ್ತು.
ತಣ್ಣಗೆ, ಅಷ್ಟೇ. ಒದ್ದೆಯಲ್ಲ,
ಅಂದುಕೊಂಡಿದ್ದೆ.

ಹಿತ್ತಿಲ ತಂತಿಯಲ್ಲಿ ಈಗ ತಲೆಕೆಳಗಾಗಿ ತೂಗುತ್ತಿವೆ.
ಒಣಗಿ ಗರಿಗರಿಯಾಗಿವೆ.
ಬಟ್ಟೆ ಎತ್ತಲು ಹೋದಾಗಲೆಲ್ಲ
ಕೈ ತೂರಿಸಿ ನೋಡುತ್ತೇನೆ.